ಶ್ರೀರಂಗಪಟ್ಟಣದ ಕಠಾರಿಗಳು: ನೈಜತೆಯ ಪರೀಕ್ಷೆ

ಕ್ರಿ. ಶ. 1799ರ ಮೇ 4ರಂದು ಶ್ರೀರಂಗಪಟ್ಟಣವು ಪತನ ಹೊಂದಿದ ತರುವಾಯ ಅಲ್ಲಿನ ಆಯುಧಗಳು ವಿಜೇತರ ಪಾಲಾದುವು. ಕೆಲವು ಬಹುಮಾನವಾಗಿ ಸಂದುವು, ಕೆಲವು ಹರಾಜಾದುವು; ಲೂಟಿಯಲ್ಲಿ ಹೋದುವಕ್ಕೆ ಲೆಕ್ಕವಿಲ್ಲ. ಅವುಗಳಿಗೆ ಇಂದಿರುವ ಬೆಲೆಯನ್ನು ತಿಳಿಯಲು ಒಂದು ನಿದರ್ಶನ ಸಾಕು: 2023ರ ಮೇ 23ರಂದು ಲಂಡನ್ನಿನ ಬೊನಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗವು ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಬೆಲೆಯು ಏರಿದಲ್ಲಿ ನಕಲಿಯು ಹುಟ್ಟುವುದು ಸಹಜ. ಆದುದರಿಂದ ‘ಟಿಪ್ಪುವಿನ ಕಾಲದ್ದು’ ಎಂದು ಹೇಳಿ ಮಾರುವ ಕಠಾರಿ, ಬಾಕುಗಳನ್ನು ಕೊಳ್ಳುವ ಮೊದಲು ಪರೀಕ್ಷಿಸುವ ಕ್ರಮವನ್ನು ಇಲ್ಲಿ ವಿಚಾರಿಸುತ್ತೇವೆ.

ಮೊದಲನೆಯದು ಲಾಂಛನ. ಹುಲಿಪಟ್ಟೆಯ ‘ಬಬ್ರಿ’ ಗುರುತು ಹಾಗೂ ಹೈದರನ ಹೆಸರಿನ ಮೊದಲ ಅಕ್ಷರ ಇವೆರಡನ್ನೂ ಮಾರುವವರು ಮುಂದಿಟ್ಟು ತೋರಿಸುವುದುಂಟು. ಇವು ಆ ಕಾಲದ ಲಾಂಛನಗಳೆಂಬುದು ನಿಜ. ಆದರೆ ಎಲ್ಲರೂ ಬಲ್ಲ ಗುರುತನ್ನು ಯಾರು ಬೇಕಾದರೂ ಕೆತ್ತಬಹುದು. ಇದ್ದಮಾತ್ರಕ್ಕೆ ಅದು ಪ್ರಮಾಣವಾಗಲಾರದು.

ಎರಡನೆಯದು ಕಾಲಸೂಚನೆ. ಟಿಪ್ಪುವು 1787ರ ಸುಮಾರಿನಲ್ಲಿ ಮೌಲೂದಿ ಶಕವನ್ನು ಬಳಕೆಗೆ ತಂದನು. ಇದು ನಮ್ಮ ಪ್ರಭವಾದಿ ಸಂವತ್ಸರಗಳಂತೆ ಅರವತ್ತು ವರ್ಷಗಳ ಚಕ್ರವನ್ನುಳ್ಳದ್ದು. ಇದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರೆಂಬುದು ನಾಣ್ಯಗಳಿಂದ ಸ್ಪಷ್ಟ. ಹೀಗಾಗಿ 1796-97ಕ್ಕೆ ಸಮನಾದ ಮೌಲೂದಿ 1224 ಎಂಬುದು ಎಡದಿಂದ ಓದುವವನಿಗೆ 4221 ಎಂದು ತೋರುತ್ತದೆ. ಈ ಕ್ರಮವನ್ನರಿಯದೆ ಕೆತ್ತಿದ ಅಂಕಿಯು ಸಂಶಯಾಸ್ಪದ. ಆದರೆ ಕಾಲವನ್ನೇ ನಮೂದಿಸದ ಆಯುಧಗಳು ಬಹಳ. ಅವನ್ನು ಈ ಕಾರಣದಿಂದ ತಳ್ಳಿಹಾಕಲಾಗದು.

ಮೂರನೆಯದು ಲೋಹ. ಮೂಸೆಯಲ್ಲಿ ಕರಗಿಸಿ ತಯಾರಿಸಿದ ಉಕ್ಕಿನ ಅಲೆಯಂತಹ ರೇಖೆಗಳು ಲೋಹದ ಒಡಲಿನಲ್ಲಿಯೇ ಇರುತ್ತವೆ; ಆಮ್ಲದಿಂದ ಬರೆದ ರೇಖೆಗಳು ಮೇಲ್ಮೈಯಲ್ಲಿ ಮಾತ್ರ. ಹಾಗೆಂದು ಅಲಗನ್ನು ಉಜ್ಜಿ ನೋಡತಕ್ಕದ್ದಲ್ಲ. ಉಜ್ಜುವುದರಿಂದ ನೈಜ ವಸ್ತುವೂ ಕೆಡುತ್ತದೆ. ಇದು ತಜ್ಞರ ಕೆಲಸ. ಹಿಡಿ ಹೊಸದಾಗಿದ್ದರೆ ಅಲಗೂ ಹೊಸದೆಂದು ಭಾವಿಸಬಾರದು. ಹಳೆಯ ಅಲಗಿಗೆ ಹಿಡಿಯನ್ನು ಬದಲಿಸುವುದು ವಾಡಿಕೆಯಾಗಿತ್ತು. ನಾಗಮಂಗಲದಂತಹ ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು ಸಮೀಪದಲ್ಲಿಯೇ ಇರುವ ಸೀಮೆಯಲ್ಲಿ ಇದರಲ್ಲಿ ಆಶ್ಚರ್ಯವಿಲ್ಲ.

ನಾಲ್ಕನೆಯದು, ನಮ್ಮ ಮತದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ವಸ್ತುವು ಕೈಯಿಂದ ಕೈಗೆ ಬಂದ ಚರಿತ್ರೆ. ಮೇಲೆ ಹೇಳಿದ ಖಡ್ಗಕ್ಕೆ ಬೆಲೆ ಬಂದುದು ಅದರ ಅಂದದಿಂದ ಮಾತ್ರವಲ್ಲ. ಅದು ಅಂತಿಮ ದಾಳಿಯ ನಾಯಕನಾದ ಡೇವಿಡ್ ಬೇರ್ಡನಿಗೆ ಸಂದಿತೆಂಬುದಕ್ಕೆ ಆಧಾರವಿದ್ದುದರಿಂದ. ಕಾಗದಪತ್ರಗಳನ್ನೂ ಪರೀಕ್ಷಿಸಬೇಕು. ಇದಕ್ಕೆ ಊರ ಹೆಸರುಗಳೇ ಒಳ್ಳೆಯ ಒರೆಗಲ್ಲು. ಇಂದಿನ ಪಾಂಡವಪುರವು ಹಿಂದೆ ಹಿರೋಡೆ. ಹೈದರ್-ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚರ ಬೀಡಿನಿಂದಾಗಿ ಫ್ರೆಂಚ್ ರಾಕ್ಸ್ ಎಂಬ ಹೆಸರು ಅದಕ್ಕೆ ಇಪ್ಪತ್ತನೆಯ ಶತಮಾನದಲ್ಲಿಯೂ ಇದ್ದಿತು. ಕೃಷ್ಣರಾಜಪೇಟೆಯು ಹಿಂದೆ ಅತ್ತಿಗುಪ್ಪೆ. ಹೀಗಿರುವಾಗ 1820ರದೆಂದು ಹೇಳುವ ಪತ್ರದಲ್ಲಿ ‘ಪಾಂಡವಪುರ’ ಅಥವಾ ‘ಕೃಷ್ಣರಾಜಪೇಟೆ’ ಎಂದಿದ್ದರೆ, ಆ ಪತ್ರವು ತನ್ನ ವಯಸ್ಸನ್ನು ತಾನೇ ಬಯಲುಮಾಡಿದಂತಾಯಿತು.

ಕಾನೂನನ್ನೂ ಮರೆಯಲಾಗದು. 1972ರ ಪುರಾವಸ್ತು ಹಾಗೂ ಕಲಾನಿಧಿಗಳ ಅಧಿನಿಯಮದ ಮೇರೆಗೆ ನೂರು ವರ್ಷಕ್ಕೆ ಕಡಮೆಯಿಲ್ಲದ ಇಂತಹ ವಸ್ತುಗಳ ವ್ಯಾಪಾರಕ್ಕೆ ಪರವಾನಗಿಯು ಅವಶ್ಯಕ. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ನಿಜವಾದ ಪುರಾವಸ್ತುವೆಂದು ಹೇಳುತ್ತಲೇ ಪರವಾನಗಿ ತೋರಿಸಲು ಹಿಂಜರಿಯುವವನ ಮಾತಿನಲ್ಲಿ ಎರಡರಲ್ಲೊಂದು ದೋಷವಿರಲೇಬೇಕು.

ಈ ನಾಲ್ಕು ಪರೀಕ್ಷೆಗಳಲ್ಲಿ ಯಾವುದೊಂದೂ ತಾನಾಗಿ ನಿರ್ಣಾಯಕವಲ್ಲ; ಅವು ಪರಸ್ಪರ ಹೊಂದಿಕೊಂಡಾಗ ಮಾತ್ರ ನಂಬುಗೆಗೆ ಆಸ್ಪದ. ನಕಲಿಯನ್ನು ಕೊಂಡವನು ಕಳೆದುಕೊಳ್ಳುವುದು ಹಣವನ್ನು. ಅದೇ ನಕಲಿಯು ಕಾಲೇಜಿನ ಸಂಗ್ರಹಾಲಯವನ್ನು ಸೇರಿ, ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಆಧಾರವಾಗಿ ಉದ್ಧೃತವಾದರೆ, ಕೆಡುವುದು ಇತಿಹಾಸ. ಆಧಾರವು ದೊರೆಯದ ಕಠಾರಿಯನ್ನು ‘ಹಳೆಯ ಕಠಾರಿ’ ಎಂದಷ್ಟೇ ಬರೆದಿಡುವುದು ಉಚಿತ. ಅದರಿಂದ ಅದರ ಬೆಲೆಯು ತಗ್ಗಬಹುದು, ಸತ್ಯಕ್ಕೆ ಊನವಿಲ್ಲ.