ಎರಡು ಕೆಲಸಕ್ಕೆ ಒಂದು ತೋಟಾ

ಗುರಿ ಹೊಡೆಯೋಕೂ ಆಗಬೇಕು, ಶಿಕಾರಿಗೂ ಆಗಬೇಕು, ಅಂಥ ರೈಫಲ್ ತೋಟಾ ಯಾವುದು? ಕೋವಿ ಇರೋ ಮನೆಗಳ ಜಗಲಿಯಲ್ಲಿ ಈ ವಾದ ಬೇಕಾದಷ್ಟು ಕೇಳಿದ್ದೀನಿ. ಗುರಿಕಾರನಿಗೆ ದೂರ ಹೋದರೂ ಹೆಚ್ಚು ಕೆಳಗಿಳಿಯದ, ಭುಜಕ್ಕೆ ಜೋರಾಗಿ ಒದೆಯದ ತೋಟಾ ಬೇಕು. ಶಿಕಾರಿಯವನಿಗೆ ಪ್ರಾಣಿಯನ್ನು ನರಳಿಸದೆ ಕೆಡವೋ, ಮೈಯೊಳಗೆ ಹೋಗಿ ಅರಳೋ ಮೆತ್ತನೆ ಮೂತಿಯ ಗುಂಡು ಬೇಕು.

1888ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ .303 ಎರಡಕ್ಕೂ ಒಗ್ಗುತ್ತಿತ್ತು. ಗುಂಡು ಬದಲಾಯಿಸಿದರೆ ಸಾಕು. ಕಲ್ಕತ್ತಾ ಹತ್ತಿರದ ಡಂಡಂನಲ್ಲಿ 1890ರ ದಶಕದಲ್ಲೇ ಅದಕ್ಕೆ ಅರಳೋ ಗುಂಡು ತಯಾರಾಗಿತ್ತು, ಅದೂ ಮನುಷ್ಯರ ಮೇಲೆ ಹಾರಿಸೋಕೆ. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂಥ ಗುಂಡು ಕೂಡದು ಅಂದಿತು.

ಆದರೆ ಭಾರತದಲ್ಲಿ .303 ಜನಸಾಮಾನ್ಯರ ಕೈಗೆ ಸಿಗಲಿಲ್ಲ. ಕಾರಣ ಸರಳ: ಸೈನ್ಯದ ಬೋರೇ ಜನರ ಹತ್ತಿರವೂ ಇದ್ದರೆ, ದಂಡಿನಿಂದ ಕದ್ದ ತೋಟಾ ಅದರಲ್ಲಿ ಹಾರುತ್ತೆ. 1857 ಕಂಡಿದ್ದ ಸರ್ಕಾರಕ್ಕೆ ಆ ಭಯ ಹೋಗಿರಲಿಲ್ಲ.

ಹಾಗಾದರೆ ಬೇರೆ ಯಾವುದಿತ್ತು? 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದ ಜಿಮ್ ಕಾರ್ಬೆಟ್‌ಗೆ ಬಹುಮಾನವಾಗಿ ಸಿಕ್ಕಿದ್ದು .275 ರಿಗ್ಬಿ ರೈಫಲ್. ಅದರ ತೋಟಾ ಜರ್ಮನಿಯ 7×57 ಮೌಸರ್. ದಕ್ಷಿಣ ಆಫ್ರಿಕದ ಬೋಯರ್ ರೈತರು ಅದೇ ತೋಟಾ ಹಾಕಿ ಬ್ರಿಟಿಷ್ ಸಿಪಾಯಿಗಳನ್ನು ದೂರದಿಂದಲೇ ಉರುಳಿಸಿದ್ದರು. ದೂರದ ಗುರಿಗೂ ಸೈ, ಶಿಕಾರಿಗೂ ಸೈ. ಜಗಲಿಯ ಪ್ರಶ್ನೆಗೆ ನನ್ನ ಉತ್ತರ ಅದೇ.

ಆದರೆ ನಮ್ಮ ಲೈಸೆನ್ಸ್‌ದಾರರ ಪಾಲಿಗೆ ಬಂದಿದ್ದು .315. ಮೂಲದಲ್ಲಿ ಅದು ಆಸ್ಟ್ರಿಯಾ ಸೈನ್ಯದ 8×50 ಮ್ಯಾನ್‌ಲಿಕರ್ ತೋಟಾ. ಬಂಗಾಳದ ಇಶಾಪುರ ಕಾರ್ಖಾನೆ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್ಲನ್ನೇ ಈ ತೋಟಾಗೆ ಹೊಂದಿಸಿ ಮಾಡಿತು. ನಮ್ಮ ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ, ಬೇಕಂತಲೇ ಇನ್‌ಕಂಪ್ಯಾಟಿಬಲ್ ಮಾಡಿದ್ದು. ಸೈನ್ಯದ .303 ಗುಂಡಿನ ತೂಕ 11 ಗ್ರಾಂ ಚಿಲ್ಲರೆ. ಇದರದ್ದು ಸುಮಾರು 16 ಗ್ರಾಂ. ಭಾರ ಜಾಸ್ತಿ, ವೇಗ ಕಮ್ಮಿ. ಕಾಡೊಳಗೆ ಹತ್ತಿರದ ಹಂದಿಗೆ ಧಾರಾಳ ಸಾಕು, ದೂರದ ಗುರಿಗೆ ಹೋಗೋಷ್ಟರಲ್ಲಿ ಕೆಳಗಿಳಿದುಬಿಡುತ್ತೆ.

ಸ್ವಾತಂತ್ರ್ಯ ಬಂದ ಮೇಲೂ .303 ನಿಷಿದ್ಧ ಬೋರ್ ಪಟ್ಟಿಯಲ್ಲೇ ಉಳೀತು. 1972ರ ವನ್ಯಜೀವಿ ಕಾಯ್ದೆಯಿಂದ ಶಿಕಾರಿಗೂ ಕಡಿವಾಣ ಬಿತ್ತು. .315 ಮಾತ್ರ ಈಗಲೂ ತಯಾರಾಗ್ತಿದೆ. ಜಗಲಿ ಮೇಲೆ ಕೂತು ಯಾವ ತೋಟಾ ವಾಸಿ ಅಂತ ನಾವು ಎಷ್ಟೇ ವಾದಿಸಲಿ, ಅದನ್ನು ಆರಿಸಿದ್ದು ಗುರಿಕಾರನೂ ಅಲ್ಲ, ಶಿಕಾರಿಯವನೂ ಅಲ್ಲ. ಪ್ರಜೆಯನ್ನು ನಂಬದ ಸರ್ಕಾರ.