ಇನ್ನೂರೊಂದನೆಯ ಯೂನಿಟ್

ನಾಚಾರಂನ ನಮ್ಮ ಗಲ್ಲಿಗೆ ತಿಂಗಳಿಗೊಮ್ಮೆ ಮೀಟರ್ ರೀಡಿಂಗ್‌ನವನು ಬಂದು, ಕೈಯಲ್ಲಿರುವ ಮಿಷನ್ನಿನಿಂದ ಉದ್ದನೆಯ ಬಿಲ್ ಹರಿದು ಕೊಟ್ಟು ಹೋಗುತ್ತಾನೆ. ಅವನು ಅತ್ತ ಹೋದೊಡನೆ ಅಕ್ಕಪಕ್ಕದವರು ಒಬ್ಬರನ್ನೊಬ್ಬರು ಕೇಳುವುದು ಎಷ್ಟು ರೂಪಾಯಿ ಎಂದಲ್ಲ, 'ಎನ್ನಿ ಯೂನಿಟ್ಲು?' ಎಂದು. ಕರ್ನಾಟಕದಿಂದ ಬಂದು ಇಲ್ಲಿ ಬಾಡಿಗೆ ಮನೆ ಹಿಡಿದ ನಮ್ಮಂಥವರಿಗೆ ಈ ಪ್ರಶ್ನೆಯ ತೂಕ ತಿಳಿಯಲು ಒಂದು ಬೇಸಿಗೆಯಾದರೂ ಬೇಕು.

ತೆಲಂಗಾಣದ 2022ರ ದರಪಟ್ಟಿಯನ್ನು ನೋಡಿ. ತಿಂಗಳಿಗೆ ನೂರು ಯೂನಿಟ್‌ನೊಳಗೆ ಇರುವವರಿಗೆ ಮೊದಲ 50 ಯೂನಿಟ್‌ಗೆ ತಲಾ ರೂ. 1.95, ಮುಂದಿನ 50ಕ್ಕೆ ರೂ. 3.10. ನೂರು ದಾಟಿ ಇನ್ನೂರರೊಳಗೆ ನಿಂತರೆ ಮೊದಲ ನೂರಕ್ಕೇ ರೂ. 3.40, ಉಳಿದದ್ದಕ್ಕೆ ರೂ. 4.80. ಇನ್ನೂರು ದಾಟಿತೋ, ಮೊದಲ ಯೂನಿಟ್ಟಿನಿಂದಲೇ ರೂ. 5.10, ಇನ್ನೂರರ ಮೇಲೆ ಮುನ್ನೂರರವರೆಗಿನದಕ್ಕೆ ರೂ. 7.70. ಸ್ಥಿರ ಶುಲ್ಕ ಇತ್ಯಾದಿ ಬಿಟ್ಟು ಬರೀ ವಿದ್ಯುತ್ತಿನ ಲೆಕ್ಕ ಹಾಕಿದರೆ 200 ಯೂನಿಟ್‌ಗೆ 820 ರೂಪಾಯಿ, 201ಕ್ಕೆ 1,027 ರೂಪಾಯಿ 70 ಪೈಸೆ. ಅಂದರೆ ಆ ಒಂದೇ ಒಂದು ಯೂನಿಟ್ಟಿನ ಬೆಲೆ 207 ರೂಪಾಯಿ 70 ಪೈಸೆ! ಚಿನ್ನಕ್ಕೂ ಹೀಗೆ ಒಂದು ಗ್ರಾಂ ಹೆಚ್ಚಾದರೆ ಇಡೀ ಸರದ ದರ ಏರುವ ಪದ್ಧತಿ ಇದ್ದಿದ್ದರೆ ನಮ್ಮ ಮದುವೆಗಳ ಗತಿ ಏನಾಗುತ್ತಿತ್ತೋ.

ಈ ಮೆಟ್ಟಿಲುಗಳ ಹಿಂದೆ ಒಂದು ಚರಿತ್ರೆಯಿದೆ, ಅದರಲ್ಲಿ ರಕ್ತವೂ ಇದೆ.

ನಮ್ಮ ಕಡೆಯ ವಿದ್ಯುತ್ತಿನ ಕಥೆ ನಮಗೆಲ್ಲ ಬಾಯಿಪಾಠ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದದ್ದು, 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪ ಹೊತ್ತಿದ್ದು. ಹೈದರಾಬಾದಿನ ನಿಜಾಮರಿಗೆ ಅಂಥ ಜಲಪಾತದ ಅನುಕೂಲ ಇರಲಿಲ್ಲ. ಅವರು 1920ರ ಹೊತ್ತಿಗೆ ಹುಸೇನ್ ಸಾಗರದ ದಂಡೆಯಲ್ಲಿ ಕಲ್ಲಿದ್ದಲಿನ ಸ್ಥಾವರ ಕಟ್ಟಿಸಿದರು. ಬೀದರ, ಕಲಬುರಗಿ, ರಾಯಚೂರು ಅಂದು ಅವರದೇ ಸಂಸ್ಥಾನ. ಎರಡೂ ಕಡೆ ಆರಂಭದಲ್ಲಿ ವಿದ್ಯುತ್ತು ಹೋದದ್ದು ಗಣಿ, ಗಿರಣಿ, ಅರಮನೆ, ದೊಡ್ಡವರ ಬಂಗಲೆಗಳಿಗೆ. ಬಡವರ ಮನೆಯ ಬಿಲ್ ಎಂಬ ರಾಜಕೀಯ ಹುಟ್ಟಿದ್ದು ಬಹಳ ತಡವಾಗಿ. ಕರ್ನಾಟಕದ ಭಾಗ್ಯಜ್ಯೋತಿಯನ್ನು ನೆನೆಸಿಕೊಳ್ಳಿ: ಗುಡಿಸಲಿಗೊಂದು 40 ವ್ಯಾಟಿನ ಬಲ್ಬು, ತಿಂಗಳಿಗೆ 18 ಯೂನಿಟ್‌ನ ಮಿತಿ. 40 ವ್ಯಾಟಿನ ಬಲ್ಬನ್ನು ದಿನಕ್ಕೆ ಹದಿನೈದು ಗಂಟೆ ಉರಿಸಿದರೆ ತಿಂಗಳಿಗೆ ಸರಿಯಾಗಿ 18 ಯೂನಿಟ್ ಆಗುತ್ತದೆ. ಬಡವನಿಗೆ ಬೆಳಕು ಬೇಕು, ಗಾಳಿ ಬೇಡ ಎಂಬುದು ಆ ಕಾಲದ ಲೆಕ್ಕವಿರಬೇಕು.

ಆಮೇಲೆ ಬಂದದ್ದು ಸುಧಾರಣೆಯ ಕಾಲ. ವಿಶ್ವಬ್ಯಾಂಕಿನ ಸಾಲದ ಜೊತೆಜೊತೆಗೆ ವಿದ್ಯುತ್ ಮಂಡಳಿಗಳನ್ನು ಒಡೆಯುವ ಕೆಲಸ ನಡೆಯಿತು. ಆಂಧ್ರದ ಮಂಡಳಿ 1999ರ ಫೆಬ್ರವರಿಯಲ್ಲಿ ಇಬ್ಭಾಗವಾಯಿತು; ನಮ್ಮ ಕೆಇಬಿ ಅದೇ ವರ್ಷದ ಆಗಸ್ಟಿನಲ್ಲಿ ಕೆಪಿಟಿಸಿಎಲ್ ಆಯಿತು. ದರ ನಿಗದಿ ಸರ್ಕಾರದ ಕೈಯಿಂದ ನಿಯಂತ್ರಣ ಆಯೋಗಕ್ಕೆ ಹೋಯಿತು. ಆಂಧ್ರದ ಆಯೋಗದ ಮೊದಲ ದರ ಆದೇಶ 2000ನೇ ಇಸವಿಯಲ್ಲಿ ಬಂದಾಗ ಮನೆಮನೆಯ ಬಿಲ್ ಏರಿತು. ಎಡಪಕ್ಷಗಳು, ಕಾಂಗ್ರೆಸ್ ಬೀದಿಗಿಳಿದವು. ಆ ವರ್ಷದ ಆಗಸ್ಟ್ 28ರಂದು ವಿಧಾನಸಭೆಯತ್ತ ಹೊರಟ ಮೆರವಣಿಗೆಯ ಮೇಲೆ ಬಶೀರ್‌ಬಾಗ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಕರೆಂಟ್ ಬಿಲ್ಲಿಗಾಗಿ ಜನ ಪ್ರಾಣ ಕಳೆದುಕೊಂಡ ಊರು ಇದು.

ಆ ಗುಂಡಿನ ಸದ್ದು ರಾಜಕಾರಣಿಗಳ ಕಿವಿಯಲ್ಲಿ ಬಹಳ ಕಾಲ ಉಳಿಯಿತು ಎಂದು ನನ್ನ ಎಣಿಕೆ. ನಾಲ್ಕು ವರ್ಷದ ಮೇಲೆ, 2004ರ ಮೇ 14ರಂದು, ಅಧಿಕಾರಕ್ಕೆ ಬಂದ ವೈ.ಎಸ್. ರಾಜಶೇಖರ ರೆಡ್ಡಿ ಮೊದಲ ಸಹಿ ಹಾಕಿದ್ದು ರೈತರಿಗೆ ಉಚಿತ ವಿದ್ಯುತ್ತಿನ ಕಡತಕ್ಕೆ. ಉಚಿತ ಕೊಟ್ಟದ್ದನ್ನು ಎಲ್ಲಿಂದಾದರೂ ತುಂಬಿಕೊಳ್ಳಬೇಕಲ್ಲ? ಸ್ವಲ್ಪ ಭಾಗ ಸರ್ಕಾರದ ಸಹಾಯಧನದಿಂದ, ಸ್ವಲ್ಪ ಕಾರ್ಖಾನೆಗಳಿಂದ, ಸ್ವಲ್ಪ ಹೆಚ್ಚು ಉರಿಸುವ ಮನೆಗಳಿಂದ. ಮೆಟ್ಟಿಲಿನ ಅರ್ಥ ಇದು. 2012-13ರ ಹೊತ್ತಿಗೆ ಕೊರತೆ ಹೆಚ್ಚಾಗಿ ಕಾರ್ಖಾನೆಗಳಿಗೆ ವಾರದಲ್ಲಿ ಕೆಲವು ದಿನ 'ಪವರ್ ಹಾಲಿಡೇ' ಘೋಷಿಸುವ ಸ್ಥಿತಿ ಬಂತು. ನಾಚಾರಂನಂಥ ಕೈಗಾರಿಕಾ ವಸಾಹತಿನಲ್ಲಿ ಮಿಷನ್ ನಿಂತ ದಿನ ದಿನಗೂಲಿಯೂ ನಿಲ್ಲುತ್ತದೆ. ರಾಜ್ಯ ಒಡೆದರೆ ತೆಲಂಗಾಣ ಕತ್ತಲಾಗುತ್ತದೆ ಎಂದು ಆಗ ಹೆದರಿಸಿದವರಿದ್ದರು. ಹಾಗಾಗಲಿಲ್ಲ.

ಈಗ ಎರಡೂ ರಾಜ್ಯಗಳಲ್ಲಿ ಒಂದೇ ಹೆಸರಿನ ಯೋಜನೆ: ಗೃಹಜ್ಯೋತಿ. ಕರ್ನಾಟಕದ್ದು ಉದ್ಘಾಟನೆಯಾದದ್ದು 2023ರ ಆಗಸ್ಟ್ 5ರಂದು, ಕಲಬುರಗಿಯಲ್ಲಿ. ಬೆಂಗಳೂರಿನ ಬೀದಿದೀಪದ ದಿನವೇ, ನಿಜಾಮರ ಹಳೆಯ ಊರಿನಲ್ಲಿ. ಯಾರೋ ಬೇಕೆಂದೇ ಆರಿಸಿದಂತಿದೆ, ಆದರೆ ಇರಲಾರದು. ತೆಲಂಗಾಣದಲ್ಲಿ 2024ರ ಮಾರ್ಚ್‌ನಿಂದ 'ಜೀರೋ ಬಿಲ್' ಬರತೊಡಗಿತು. ಎರಡರಲ್ಲೂ ಗಡಿ 200 ಯೂನಿಟ್. ವ್ಯತ್ಯಾಸವೆಂದರೆ ಕರ್ನಾಟಕ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಪ್ರತಿ ಮನೆಗೂ ಬೇರೆ ಬೇರೆ ಗಡಿ ಹಾಕಿತು, ಬಾಡಿಗೆದಾರರನ್ನೂ ಒಳಗೆ ತಂದಿತು. ತೆಲಂಗಾಣ ಬಿಳಿ ರೇಷನ್ ಕಾರ್ಡ್ ಕೇಳಿತು. ರಾಯಚೂರಿನ ಕಾರ್ಡ್ ಹಿಡಿದು ನಾಚಾರಂನ ಕಾರ್ಖಾನೆಗೆ ದುಡಿಯಲು ಬಂದವನು ಊರಲ್ಲಿ ಇಲ್ಲ, ಇಲ್ಲಿ ಲೆಕ್ಕಕ್ಕಿಲ್ಲ. ಇತ್ತ 2024ರಲ್ಲಿ ಕರ್ನಾಟಕ ಮೆಟ್ಟಿಲನ್ನೇ ತೆಗೆದು ಮನೆಗಳಿಗೆ ಒಂದೇ ದರ, ರೂ. 5.90, ಮಾಡಿತು. ಬೆಂಗಳೂರಿನಿಂದ ಬಂದವರಿಗೆ ಇಲ್ಲಿಯ ಇನ್ನೂರರ ಭಯ ವಿಚಿತ್ರವಾಗಿ ಕಾಣುವುದು ಅದಕ್ಕೇ.

ಆ ಭಯ ಅತಿ ಹೆಚ್ಚು ಕಾಡುವುದು ಪೋರ್ಷನ್‌ಗಳಲ್ಲಿ. ಒಂದು ಮನೆಯನ್ನು ಮೂರು ಮಾಡಿ ಬಾಡಿಗೆಗೆ ಕೊಟ್ಟಿರುತ್ತಾರೆ, ಇಲಾಖೆಯ ಮೀಟರ್ ಒಂದೇ. ಒಳಗೆ ಮಾಲೀಕರೇ ಹಾಕಿಸಿದ ಸಬ್‌ಮೀಟರ್‌ಗಳು. ಮೂರೂ ಮನೆಯವರು ಜಿಪುಣತನದಿಂದ ತಲಾ 80 ಯೂನಿಟ್ ಮಾತ್ರ ಬಳಸಿದರು ಅನ್ನಿ. ಪ್ರತ್ಯೇಕ ಮೀಟರ್ ಇದ್ದಿದ್ದರೆ ಒಬ್ಬೊಬ್ಬರಿಗೆ 190 ರೂಪಾಯಿ 50 ಪೈಸೆ. ಒಂದೇ ಮೀಟರಿನಲ್ಲಿ 240 ಯೂನಿಟ್ ಆದದ್ದರಿಂದ ಒಟ್ಟು 1,328, ತಲಾ 442 ರೂಪಾಯಿಯ ಮೇಲೆ. ಉಳಿತಾಯ ಮಾಡಿ ಎಂದು ಇವರಿಗೆ ಯಾರು ಯಾವ ಬಾಯಲ್ಲಿ ಹೇಳುವುದು?

ಮೀಟರ್ ತಮ್ಮದೇ ಆಗಿರುವವರಿಗೆ ಮಾತ್ರ ಉಳಿತಾಯದ ಮಾತು ಸಲ್ಲುತ್ತದೆ. ಅದರಲ್ಲೂ ನಾವು ತಪ್ಪು ಕಡೆ ನೋಡುತ್ತೇವೆ. ಬಲ್ಬಿನ ಯುದ್ಧ ಮುಗಿದಿದೆ. ಸರ್ಕಾರ ಸಗಟಾಗಿ ಕೊಳ್ಳುತ್ತಿದ್ದ ಎಲ್ಇಡಿ ಬಲ್ಬಿನ ಬೆಲೆ 2014ರಲ್ಲಿ 310 ರೂಪಾಯಿ ಇದ್ದದ್ದು 2016ರ ಹೊತ್ತಿಗೆ 38ಕ್ಕೆ ಇಳಿದು, ಎಲ್ಲರ ಮನೆಗೂ ಬಂದಾಯಿತು. ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್. ಆದರೆ ಹೈದರಾಬಾದಿನ ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನ ನೀರೇ ಕೈ ಸುಡುತ್ತದೆ, ಗೀಸರ್ ಯಾರಿಗೆ ಬೇಕು. ಉಳಿಯುವುದು ಫ್ಯಾನ್. 75 ವ್ಯಾಟಿನ ಹಳೆಯ ಫ್ಯಾನ್ ಮೂರು, ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 81 ಯೂನಿಟ್. ಅದೇ ಗಾಳಿಯನ್ನು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್‌ಗಳು 32 ಯೂನಿಟ್‌ನಲ್ಲಿ ಕೊಡುತ್ತವೆ. 230 ಬರುವ ಮನೆ ಇದೊಂದರಿಂದಲೇ ಇನ್ನೂರರ ಕೆಳಗೆ ಇಳಿದೀತು. ಸೀಲಿಂಗ್ ಫ್ಯಾನ್‌ಗಳಿಗೆ ಸ್ಟಾರ್ ಗುರುತು ಕಡ್ಡಾಯವಾದದ್ದು 2023ರ ಜನವರಿಯಿಂದ ಮಾತ್ರ. ಏಸಿ, ಫ್ರಿಜ್ಜುಗಳಿಗೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಆಗಿತ್ತು. ಎಲ್ಲರ ಮನೆಯಲ್ಲೂ ಇರುವ ವಸ್ತುವಿನ ಕಡೆ ಕಣ್ಣು ಹೋದದ್ದು ಕೊನೆಗೆ.

ಬಾಡಿಗೆ ಮನೆಯ ಫ್ಯಾನ್ ಮಾಲೀಕರದು, ಅದು ನುಂಗುವ ಕರೆಂಟಿನ ಬಿಲ್ ನಮ್ಮದು. ಹೀಗಾಗಿ ಅದನ್ನು ಬದಲಿಸುವ ಆಸೆ ಅವರಿಗಿಲ್ಲ, ಹಕ್ಕು ನಮಗಿಲ್ಲ. ನಾನು ಕೇಳಿ ಒಪ್ಪಿಸಿ, ಹಾಲಿಗೂ ಮಲಗುವ ಕೋಣೆಗೂ ಹೊಸದು ಹಾಕಿಸಿದೆ. ಬಿಚ್ಚಿದ ಹಳೆಯ ಎರಡನ್ನೂ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದೇನೆ. ಮನೆ ಬಿಡುವ ದಿನ ಅವನ್ನು ಮತ್ತೆ ತೂಗಿಹಾಕಿ, ನನ್ನವನ್ನು ಕಟ್ಟಿಕೊಂಡು ಹೋಗುವುದು ಎಂದು ಮಾತಾಗಿದೆ.