ಬರೆದ ಕಟ್ಟಳೆಯೂ ನಡೆವ ಕೆಲಸವೂ: ಪಾಲೊ ಆಲ್ಟೊವಿನ ಎರಡು ಸಂಶೋಧನೆಗಳು

ಶಾಸನಗಳನ್ನು ಓದುವವರಿಗೆ ಒಂದು ತೊಡಕು ಚೆನ್ನಾಗಿ ಪರಿಚಿತವಾದುದು. ಇಂತಹ ಕೆರೆಗೆ ಇಷ್ಟು ಭೂಮಿ, ಇಂತಹ ದೇಗುಲದ ದೀಪಕ್ಕೆ ಇಷ್ಟು ಎಣ್ಣೆ ಎಂಬ ಕಟ್ಟಳೆ ನಮಗೆ ಕಲ್ಲಿನ ಮೇಲೆ ದೊರೆಯುತ್ತದೆ. ಆ ಕಟ್ಟಳೆಯಂತೆ ಕೆಲಸವು ದಿನದಿನವೂ ಹೇಗೆ ನಡೆಯಿತು, ಎಲ್ಲಿ ಬಾಗಿತು, ಯಾರ ಜಾಣ್ಮೆಯಿಂದ ಉಳಿಯಿತು ಎಂಬುದು ದೊರೆಯುವುದಿಲ್ಲ. ಕಟ್ಟಳೆಯನ್ನೇ ನಡೆಯೆಂದು ಎಣಿಸುವ ಚರಿತ್ರಕಾರನು ದಾರಿತಪ್ಪುವನು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಚೇರಿಯ ಯಂತ್ರಗಳನ್ನು ರಚಿಸಿದವರೂ ಇದೇ ಬಗೆಯ ತಪ್ಪಿಗೆ ಒಳಗಾದರು. ಆ ತಪ್ಪನ್ನು ಬೆಳಕಿಗೆ ತಂದ ಎರಡು ಸಂಶೋಧನೆಗಳ ವೃತ್ತಾಂತವನ್ನು ನಿರೂಪಿಸಿ, ಅವುಗಳ ಬೆಲೆಯನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

೧

ಕೆಲಸವನ್ನು ಪೂರ್ತಿಯಾಗಿ ಮೊದಲೇ ಬರೆದಿಡಬಹುದೆಂಬ ನಂಬಿಕೆ ಗಣಕಯಂತ್ರಕ್ಕಿಂತ ಹಳೆಯದು. ಆಲೋಚನೆಯ ಭಾರವನ್ನು ಕೆಲಸಗಾರನಿಂದ ಬಿಡಿಸಿ ವ್ಯವಸ್ಥಾಪಕರಿಗೆ ಒಪ್ಪಿಸಬೇಕೆಂದು ಅಮೆರಿಕದ ಫ್ರೆಡರಿಕ್ ಟೇಲರ್ ೧೯೧೧ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಾದಿಸಿದನು. ಇದಕ್ಕೆ ಇದಿರಾದ ಮಾತುಗಳೂ ಕೇಳಿಬಾರದೆ ಹೋಗಲಿಲ್ಲ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳನ್ನು ಕುರಿತು ಟ್ರಿಸ್ಟ್ ಮತ್ತು ಬ್ಯಾಮ್‌ಫರ್ತ್ ೧೯೫೧ರಲ್ಲಿ ಬರೆದ ಪ್ರಬಂಧವು, ಹೊಸ ಯಂತ್ರಪದ್ಧತಿಯು ಗಣಿಗಾರರ ಹಳೆಯ ಸಣ್ಣ ತಂಡಗಳನ್ನು ಒಡೆದುದರಿಂದ ಕೆಲಸವೇ ಕೆಟ್ಟಿತೆಂದು ತೋರಿಸಿತು. ಫ್ರಾನ್ಸಿನಲ್ಲಿ ಒಂಬ್ರೆದಾನ್ ಮತ್ತು ಫಾವೆರ್ಜ್ ಎಂಬವರು ೧೯೫೫ರ ತಮ್ಮ ಗ್ರಂಥದಲ್ಲಿ, ವಿಧಿಸಿದ ಕಾರ್ಯ ಬೇರೆ, ಕೆಲಸಗಾರನು ನಿಜವಾಗಿ ನಡೆಸುವ ಚಟುವಟಿಕೆ ಬೇರೆ ಎಂಬ ಭೇದವನ್ನು ಎತ್ತಿಹಿಡಿದರು.

ಆದರೆ ಗಣಕಯಂತ್ರವು ಹಳೆಯ ನಂಬಿಕೆಗೆ ಹೊಸ ಬಲವನ್ನು ಕೊಟ್ಟಿತು. ಯಂತ್ರಕ್ಕೆ ಆದೇಶಗಳ ಸರಣಿಯನ್ನು ಬರೆದುಕೊಡುವಂತೆ, ಮನುಷ್ಯನ ನಡತೆಯೂ ಮನಸ್ಸಿನೊಳಗೆ ಮೊದಲೇ ರಚಿತವಾದ ಒಂದು ಯೋಜನೆಯನ್ನು ಅನುಸರಿಸುವುದೆಂದು ಮಿಲ್ಲರ್, ಗ್ಯಾಲಂಟರ್, ಪ್ರಿಬ್ರಮ್ ಎಂಬ ಮೂವರು ೧೯೬೦ರಲ್ಲಿ ಪ್ರತಿಪಾದಿಸಿದರು. ಹಾಗಿದ್ದ ಮೇಲೆ ಮನುಷ್ಯನ ಯೋಜನೆಯನ್ನು ಯಂತ್ರವು ಊಹಿಸಿಕೊಂಡರೆ ಸಾಕು, ಇಬ್ಬರೂ ಕೂಡಿ ಕೆಲಸಮಾಡಬಹುದು ಎಂಬ ಆಸೆ ಮೂಡಿದುದು ಸಹಜವೇ ಸರಿ.

೨

ಕ್ಯಾಲಿಫೋರ್ನಿಯದ ಪಾಲೊ ಆಲ್ಟೊವಿನಲ್ಲಿ ಜೆರಾಕ್ಸ್ ಸಂಸ್ಥೆಯು ೧೯೭೦ರಲ್ಲಿ ಒಂದು ಸಂಶೋಧನ ಕೇಂದ್ರವನ್ನು ಸ್ಥಾಪಿಸಿತು. ಆ ಸಂಸ್ಥೆಯ ಹೆಸರು ನಮ್ಮ ಪೇಟೆಬೀದಿಗಳಲ್ಲಿ ನಕಲಿಗೇ ಹೆಸರಾಗಿ ನಿಂತಿದೆ. ಈ ಕೇಂದ್ರದಲ್ಲಿ ಲೂಸಿ ಸಚ್‌ಮನ್ ಎಂಬ ಮಾನವಶಾಸ್ತ್ರಜ್ಞೆಯು ನಕಲು ಯಂತ್ರದ ಮುಂದೆ ನಿಂತ ಮನುಷ್ಯರನ್ನೇ ತಮ್ಮ ಅಧ್ಯಯನದ ವಸ್ತುವನ್ನಾಗಿ ಆರಿಸಿಕೊಂಡರು. ಹಸುರು ಗುಂಡಿಯನ್ನು ಒತ್ತಿದರೆ ಸಾಕೆಂದು ಹೊಗಳಿಸಿಕೊಂಡ ಯಂತ್ರವು ಕೊಂಡವರಿಂದ ದೂರುಗಳನ್ನು ತರುತ್ತಿದ್ದಿತು. ಅವರು ತೆಗೆಯಿಸಿದ ಒಂದು ಚಲಚ್ಚಿತ್ರದಲ್ಲಿ ಇಬ್ಬರು ಗಣಕಶಾಸ್ತ್ರಜ್ಞರು ಅಂತಹ ಯಂತ್ರದೊಡನೆ ಹೆಣಗುವುದು ಕಾಣುತ್ತದೆ. ಅವರಲ್ಲೊಬ್ಬರು ಮನುಷ್ಯಬುದ್ಧಿಯನ್ನು ಯಂತ್ರದಲ್ಲಿ ಮೂಡಿಸುವ ಶಾಸ್ತ್ರದ ಆದ್ಯರಲ್ಲಿ ಒಬ್ಬರಾದ ಆಲೆನ್ ನ್ಯೂವೆಲ್! ತೊಡಕಿಗೆ ಬಳಸುವವರ ಅಜ್ಞಾನವು ಕಾರಣವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

೧೯೮೭ರಲ್ಲಿ ಪ್ರಕಟವಾದ ಅವರ ಗ್ರಂಥದ ಮುಖ್ಯ ಪ್ರಯೋಗವಿದು. ನಕಲು ಯಂತ್ರಕ್ಕೆ ಸಲಹೆ ನೀಡುವ ಒಂದು ಗಣಕವನ್ನು ಜೋಡಿಸಿ, ಅನನುಭವಿಗಳನ್ನು ಇಬ್ಬಿಬ್ಬರಾಗಿ ಅದರ ಮುಂದೆ ನಿಲ್ಲಿಸಿದರು. ಅವರಿಬ್ಬರ ಸಂಭಾಷಣೆಯನ್ನೂ ಕೈಚಲನೆಯನ್ನೂ ದಾಖಲಿಸಿದರು. ಆ ದಾಖಲೆಯನ್ನು ಬರೆದುಕೊಂಡ ಕ್ರಮವೇ ಇಲ್ಲಿ ವಿಶೇಷವಾಗಿ ಗಮನಾರ್ಹವಾದುದು. ಪುಟವನ್ನು ನಾಲ್ಕು ಪಟ್ಟಿಗಳಾಗಿ ವಿಂಗಡಿಸಲಾಯಿತು: ಬಳಸುವವರು ಮಾಡಿದುದರಲ್ಲಿ ಯಂತ್ರಕ್ಕೆ ತಿಳಿಯದುದು ಮೊದಲನೆಯದು, ತಿಳಿದುದು ಎರಡನೆಯದು, ಯಂತ್ರವು ಮಾಡಿದುದರಲ್ಲಿ ಬಳಸುವವರಿಗೆ ಕಂಡುದು ಮೂರನೆಯದು, ಅದರ ಹಿಂದೆ ರಚಕರು ಇಟ್ಟ ಉದ್ದೇಶ ನಾಲ್ಕನೆಯದು. ಹೀಗೆ ಬರೆದಾಗ ಒಂದು ಸಂಗತಿ ಸ್ಪಷ್ಟವಾಯಿತು. ಗುಂಡಿ ಒತ್ತಿದುದು, ಕಾಗದ ಇಟ್ಟುದು, ಇಂತಹ ಕೆಲವನ್ನು ಬಿಟ್ಟರೆ ಯಂತ್ರಕ್ಕೆ ಏನೂ ತಿಳಿಯದು. ಅನುಮಾನ, ಚರ್ಚೆ, ಬೆರಳು ಮಾಡಿ ತೋರಿಸುವುದು, ಇವೆಲ್ಲ ಮೊದಲನೆಯ ಪಟ್ಟಿಯಲ್ಲಿಯೇ ಉಳಿದುಹೋದುವು.

ಇದರಿಂದ ಎರಡು ವಿಧವಾದ ಭ್ರಾಂತಿ ಉಂಟಾಗುತ್ತಿದ್ದಿತು. ತಪ್ಪಿಲ್ಲದೆಡೆಯಲ್ಲಿ ತಪ್ಪಾಯಿತೆಂದು ಬಳಸುವವರು ಬೆದರುವುದು ಒಂದು. ನಿಜವಾಗಿ ತಪ್ಪಿದ್ದರೂ, ಆ ತಪ್ಪು ಯಂತ್ರದ ಕಣ್ಣಿಗೆ ಸರಿಯಾದ ಹೆಜ್ಜೆಯಂತೆಯೇ ತೋರಿ, ಅದು ಮುಂದಿನ ಆದೇಶವನ್ನು ಕೊಡಲು, ತಾವು ಸರಿಯಾದ ಹಾದಿಯಲ್ಲಿದ್ದೇವೆಂದು ಬಳಸುವವರು ನಂಬಿ ಮುನ್ನಡೆಯುವುದು ಇನ್ನೊಂದು. ಎರಡನೆಯದೇ ಹೆಚ್ಚು ಅಪಾಯಕರ; ಏಕೆಂದರೆ ಅಲ್ಲಿ ಎಡವಿದ ಸದ್ದೇ ಕೇಳಿಸುವುದಿಲ್ಲ.

ಯೋಜನೆ ವ್ಯರ್ಥವೆಂಬುದು ಸಚ್‌ಮನ್ ಅವರ ಸಿದ್ಧಾಂತವಲ್ಲ. ಬಂಡೆಗಳ ನಡುವೆ ಭೋರ್ಗರೆವ ಹೊಳೆಯಲ್ಲಿ ದೋಣಿಯನ್ನು ಇಳಿಸುವವನು ದಡದಲ್ಲಿ ನಿಂತು ದಾರಿಯನ್ನು ಯೋಚಿಸುವುದುಂಟು. ಸುಳಿಗೆ ಸಿಕ್ಕಿದಾಗ ಅವನನ್ನು ಕಾಯುವುದು ಕೈಗೂಡಿದ ಕುಶಲತೆ. ಯೋಜನೆಯು ಕೆಲಸಕ್ಕೆ ಒದಗುವ ಒಂದು ಸಾಧನವೇ ಹೊರತು ಕೆಲಸವನ್ನು ಆಳುವ ಒಡೆಯನಲ್ಲ. ಈ ಅಭಿಪ್ರಾಯವನ್ನು ಎಲ್ಲರೂ ಒಪ್ಪಲಿಲ್ಲ. ಸಂದರ್ಭಕ್ಕೆ ತಕ್ಕಂತೆ ನಡೆವ ಕ್ರಿಯೆಯನ್ನು ಕೂಡ ಸಂಕೇತಗಳಲ್ಲಿ ನಿರೂಪಿಸಬಹುದೆಂದು ವೆರಾ ಮತ್ತು ಸೈಮನ್ ೧೯೯೩ರಲ್ಲಿ ಆಕ್ಷೇಪಿಸಿದರು. ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ, ಆದರೆ ನಿರೂಪಿಸಬಹುದೆಂಬ ಮಾತ್ರಕ್ಕೆ ಆ ಯಂತ್ರದಲ್ಲಿ ನಿರೂಪಿಸಿದ್ದರೆಂದಾಗುವುದಿಲ್ಲ.

೩

ಸಚ್‌ಮನ್ ಅವರು ಯಂತ್ರವನ್ನು ಬಳಸುವವರನ್ನು ನೋಡಿದರೆ, ಅದೇ ಕೇಂದ್ರದ ಜೂಲಿಯನ್ ಓರ್ ಅದನ್ನು ದುರಸ್ತಿ ಮಾಡುವವರನ್ನು ನೋಡಿದರು. ಅವರ ಗ್ರಂಥ ಪ್ರಕಟವಾದುದು ೧೯೯೬ರಲ್ಲಿ. ಸಾಹಿತ್ಯವನ್ನು ಬೋಧಿಸುವವರಿಗೆ ಇದು ಹೆಚ್ಚು ಹಿಡಿಸಬಹುದೆಂದು ತೋರುತ್ತದೆ. ಏಕೆಂದರೆ ಇದರ ನಾಯಕಸ್ಥಾನದಲ್ಲಿರುವುದು ಕಥೆ.

ಇಂತಹ ದೋಷಕ್ಕೆ ಇಂತಹ ಪರೀಕ್ಷೆ, ಅದರ ಫಲ ಹೀಗಿದ್ದರೆ ಇಂತಹ ಭಾಗವನ್ನು ಬದಲಿಸುವುದು ಎಂದು ಹೆಜ್ಜೆಹೆಜ್ಜೆಯಾಗಿ ವಿಧಿಸಿದ ಕೈಪಿಡಿಗಳನ್ನು ಸಂಸ್ಥೆಯು ದುರಸ್ತಿಗಾರರಿಗೆ ಕೊಟ್ಟಿದ್ದಿತು. ಓರ್ ಅವರು ವರ್ಣಿಸುವ ಒಂದು ಪ್ರಸಂಗದಲ್ಲಿ ಯಂತ್ರವು ದೋಷದ ಸಂಖ್ಯೆಯನ್ನು ತಾನೇ ತೋರಿಸುತ್ತದೆ. ಕೈಪಿಡಿಯಂತೆ ಭಾಗವನ್ನು ಬದಲಿಸಿದರೂ ರೋಗ ವಾಸಿಯಾಗುವುದಿಲ್ಲ. ನುರಿತ ಇನ್ನೊಬ್ಬನು ಬರುತ್ತಾನೆ; ಅವನಿಗೂ ತಿಳಿಯದು. ಆಗ ಇಬ್ಬರೂ ಯಂತ್ರವನ್ನು ಮತ್ತೆ ಮತ್ತೆ ನಡೆಸಿ ನೋಡುತ್ತ, ಹಿಂದೆ ತಾವು ಕಂಡ, ಇತರರಿಂದ ಕೇಳಿದ ಕೆಟ್ಟ ಯಂತ್ರಗಳ ಕಥೆಗಳನ್ನು ಒಂದಾದ ಮೇಲೊಂದರಂತೆ ಹೇಳಿಕೊಳ್ಳುತ್ತಾರೆ. ಒಂದು ಕಥೆಯ ತುದಿ ಇನ್ನೊಂದಕ್ಕೆ ತಗಲಿ, ಕಟ್ಟಕಡೆಗೆ ಯಂತ್ರವು ತೋರಿಸುತ್ತಿದ್ದ ಸಂಖ್ಯೆಯೇ ಸುಳ್ಳು, ದೋಷವು ಬೇರೆಯೆಡೆಯಲ್ಲಿದೆ ಎಂಬುದು ಹೊರಬೀಳುತ್ತದೆ. ಅಂದಿನಿಂದ ಆ ಪ್ರಸಂಗವೂ ಒಂದು ಕಥೆಯಾಗಿ ಜೊತೆಗಾರರ ಬಾಯಲ್ಲಿ ಸಂಚರಿಸತೊಡಗುತ್ತದೆ.

ಊಟದ ಮೇಜಿನ ಸುತ್ತ ಕುಳಿತು ಆಡುವ ಇಂತಹ ಮಾತು ಹೊರಗಿನಿಂದ ನೋಡುವವನಿಗೆ ಹರಟೆ, ಕಾಲಹರಣ. ವೆಚ್ಚವನ್ನು ಕತ್ತರಿಸಹೊರಟ ಅಧಿಕಾರಿಯ ಕತ್ತರಿ ಮೊದಲು ಬೀಳುವುದು ಇಂತಹದರ ಮೇಲೆಯೇ. ಹಾಗೆ ಕತ್ತರಿಸಿದಾಗ ಕಳೆದುಹೋಗುವುದು ವಿರಾಮವಲ್ಲ, ವಿದ್ಯೆ. ಕೆಲಸವೆಂದು ಯಾವುದನ್ನು ಗಣಿಸುತ್ತೇವೆಂಬ ಪ್ರಶ್ನೆಯು ಆದುದರಿಂದ ಕೇವಲ ಶಾಸ್ತ್ರಚರ್ಚೆಯಲ್ಲ. ಅನೇಕರ ಜೀವನೋಪಾಯವೂ ಮರ್ಯಾದೆಯೂ ಅದನ್ನು ಅವಲಂಬಿಸಿವೆ.

ಈ ಅರಿವಿನ ಒಂದು ಫಲವನ್ನು ಇಲ್ಲಿ ಹೇಳಬೇಕು. ೧೯೯೦ರ ದಶಕದಲ್ಲಿ, ಮೊದಲು ಫ್ರಾನ್ಸಿನಲ್ಲಿ, ದುರಸ್ತಿಗಾರರು ಕಂಡುಕೊಂಡ ಉಪಾಯಗಳನ್ನು ಗಣಕದಲ್ಲಿ ಸಂಗ್ರಹಿಸಿ ಹಂಚುವ 'ಯುರೇಕಾ' ಎಂಬ ಏರ್ಪಾಡು ಪ್ರಾರಂಭವಾಯಿತು. ಉಪಾಯಗಳನ್ನು ಒರೆಗೆ ಹಚ್ಚಿದವರು ಜೊತೆಗಾರರೇ. ಹಣದ ಬಹುಮಾನಕ್ಕಿಂತ, ಉಪಾಯದೊಡನೆ ಅದನ್ನು ಕಂಡವನ ಹೆಸರು ಇರುವುದೇ ದುರಸ್ತಿಗಾರರಿಗೆ ಬೇಕಾಗಿದ್ದಿತು. ಆದರೂ ಉಪಾಯವು ಕಥೆಯ ಸಾರವೇ ಹೊರತು ಕಥೆಯಲ್ಲ. ಹುಡುಕಾಟದ ಕ್ರಮ, ತಪ್ಪಿದ ಹೆಜ್ಜೆಗಳು, ಸಂದೇಹದ ಹದ, ಇವು ಸಂಕ್ಷೇಪದಲ್ಲಿ ಸೋರಿಹೋಗುವುವು.

೪

ಈ ಎರಡು ಸಂಶೋಧನೆಗಳಿಂದ ನಾವು ಕಲಿಯಬೇಕಾದ ಪಾಠ ಯಂತ್ರಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಕಟ್ಟಳೆಗಳು ಬರೆಹದಲ್ಲಿ ಉಳಿಯುವುವು. ಕೆಲಸವು ಮಾತಿನಲ್ಲಿಯೂ ಕೈಯಲ್ಲಿಯೂ ಇದ್ದು, ಕೆಲಸಗಾರನೊಡನೆಯೇ ಮರೆಯಾಗುವುದು. ನಮ್ಮ ಅಚ್ಚುಕೂಟಗಳಲ್ಲಿ ಒಂದೊಂದಾಗಿ ಮೊಳೆ ಜೋಡಿಸಿ ಕನ್ನಡದ ಒತ್ತಕ್ಷರಗಳನ್ನು ಸಾಲಿಗೆ ಕೂರಿಸಿದವರೂ, ಕನ್ನಡ ಬೆರಳಚ್ಚು ಯಂತ್ರದ ಮುಂದೆ ಕುಳಿತು ಆಡಳಿತಭಾಷೆಯನ್ನು ನಡೆಸಿದವರೂ ವಯೋವೃದ್ಧರಾಗುತ್ತಿದ್ದಾರೆ. ಅವರು ಮುದ್ರಿಸಿದ ಗ್ರಂಥಗಳೂ ಬರೆದ ಪತ್ರಗಳೂ ನಮ್ಮ ಭಂಡಾರಗಳಲ್ಲಿವೆ. ಅವರ ಕೆಲಸದ ಕಥೆಗಳನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕಾರ್ಯವನ್ನು ವಿದ್ವಾಂಸರೂ ಅಧ್ಯಾಪಕರೂ ತಡಮಾಡದೆ ಕೈಗೊಳ್ಳುವುದು ಯುಕ್ತ.